ಗೋಡೆಯ ಭೂಪಟವೂ ನಾಡಿನ ಎಲ್ಲೆಯೂ

(ಕೃಷ್ಣರಾಜಪೇಟೆಯಲ್ಲಿ ಸೇರಿದ್ದ ಉಪಾಧ್ಯಾಯರ ಹಾಗೂ ನಾಗರಿಕರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ನಮ್ಮ ಹಳೆಯ ಪಾಠಶಾಲೆಗಳ ಗೋಡೆಗಳಲ್ಲಿ ತೂಗುತ್ತಿದ್ದ ಭೂಪಟಗಳನ್ನು ತಾವೆಲ್ಲರೂ ಬಲ್ಲಿರಿ. ಕಾಗದವನ್ನು ಬಟ್ಟೆಗೆ ಅಂಟಿಸಿ, ಮೇಲೆ ಮೆರುಗೆಣ್ಣೆ ಸವರಿ, ಮೇಲಕ್ಕೊಂದು ಕೆಳಕ್ಕೊಂದು ಮರದ ಕೋಲನ್ನು ಕೂಡಿಸಿ, ಸುರುಳಿ ಸುತ್ತಿಡುವಂತೆ ಮಾಡಿದ ಪಟಗಳವು. ಈಗ ಹೊಸ ಪಟಗಳು ಬಂದಿರುವುವು. ಹಳೆಯವು ಮೂಲೆ ಸೇರಿ, ಗೆದ್ದಲು ಹಿಡಿದು, ಕಡೆಗೆ ರದ್ದಿಯ ಅಂಗಡಿಗೆ ಹೋಗುವುವು. “ಇದರಲ್ಲಿರುವ ಸಂಸ್ಥಾನಗಳು ಈಗಿಲ್ಲ, ಎಲ್ಲೆಗಳು ಸರಿಯಿಲ್ಲ, ಊರ ಹೆಸರುಗಳು ಸರಿಯಿಲ್ಲ, ಇಟ್ಟುಕೊಂಡು ಫಲವೇನು?” ಎಂದು ಕೇಳುವವರುಂಟು. ಎಲ್ಲೆಗಳು ಈಗ ಹಾಗಿಲ್ಲವೆಂಬ ಕಾರಣದಿಂದಲೇ ಅವನ್ನು ಇಟ್ಟುಕೊಳ್ಳಬೇಕೆಂಬುದು ನನ್ನ ಅರಿಕೆ. ಅದರಲ್ಲಿಯೂ ಹಳೆಯ ಮೈಸೂರು ಸೀಮೆಯವರಾದ ನಮಗೆ ಆ ಪಟಗಳಿಂದ ಕಲಿಯಬೇಕಾದುದು ಒಂದಿದೆ. ಅದನ್ನು ಕ್ರಮವಾಗಿ ವಿಜ್ಞಾಪಿಸುವೆನು.

ನಾನು ವೃತ್ತಿಯಿಂದ ವಕೀಲನಾದುದರಿಂದ, ನಕ್ಷೆಯನ್ನು ನ್ಯಾಯಾಲಯವು ಹೇಗೆ ನೋಡುವುದೆಂಬುದನ್ನು ಮೊದಲು ಹೇಳುವುದು ಉಚಿತ. ೧೮೭೨ರ ಸಾಕ್ಷ್ಯ ಶಾಸನದ ೮೩ನೆಯ ಕಲಮಿನಲ್ಲಿ ಒಂದು ನಿಯಮವಿದ್ದಿತು. ಸರಕಾರದ ಅಧಿಕಾರದಿಂದ ಸಿದ್ಧವಾದ ನಕ್ಷೆಯನ್ನು ನ್ಯಾಯಾಲಯವು ಸರಿಯೆಂದು ಭಾವಿಸತಕ್ಕದ್ದು. ಆದರೆ ಒಂದು ವ್ಯಾಜ್ಯಕ್ಕಾಗಿಯೇ ಬರೆಯಿಸಿದ ನಕ್ಷೆಯು ಸರಿಯೆಂಬುದನ್ನು, ಅದನ್ನು ತಂದವನು ರುಜುವಾತು ಪಡಿಸತಕ್ಕದ್ದು. ೨೦೨೪ರ ಜುಲೈ ೧ರಿಂದ ಆ ಶಾಸನದ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮವು ಉಳಿದಿರುವುದು. ಇದರ ತಾತ್ಪರ್ಯವು ಶಾಲೆಗೂ ಸಲ್ಲುವುದು. ಪಟವನ್ನು ಕಂಡೊಡನೆ ಮೂರು ಪ್ರಶ್ನೆಗಳನ್ನು ಕೇಳಬೇಕು: ಇದು ಯಾವ ವರ್ಷದ್ದು? ಬರೆಯಿಸಿದವರಾರು? ಯಾವ ಕೆಲಸಕ್ಕಾಗಿ ಬರೆಯಿಸಿದರು? ಈ ಮೂರಕ್ಕೆ ಉತ್ತರ ದೊರೆಯುವವರೆಗೆ ಅದರ ಗೆರೆಗಳನ್ನು ನಂಬಲೂ ಬಾರದು, ತಳ್ಳಿಹಾಕಲೂ ಬಾರದು.

ಅಚ್ಚಿನ ನಕ್ಷೆಗಳು ಹುಟ್ಟುವುದಕ್ಕೆ ಬಹು ಹಿಂದೆಯೇ ನಮ್ಮವರಿಗೆ ನಾಡಿನ ಎಲ್ಲೆಯು ತಿಳಿದಿದ್ದಿತು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗಿನ ನಾಡೆಂದು ಹೇಳುವುದು. ಅಲ್ಲಿ ಅರಸನ ಕೋಟೆಕೊತ್ತಲಗಳಿಂದ ಎಲ್ಲೆಯನ್ನು ಗುರುತಿಸಲಿಲ್ಲ; ಎರಡು ಹೊಳೆಗಳನ್ನೂ, ನಡುವಣ ಜನದ ಮಾತನ್ನೂ ಹೇಳಿ ಗುರುತಿಸಿದರು. ಊರಿನ ಮಟ್ಟಕ್ಕೆ ಬಂದರೆ, ನಮ್ಮ ಶಿಲಾಶಾಸನಗಳನ್ನು ನೋಡಬೇಕು. ಈ ತಾಲೂಕಿನ ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿಗಳಲ್ಲಿ ಹೊಯ್ಸಳರ ಕಾಲದ ದೇವಾಲಯಗಳಿರುವುವು. ಆ ಕಾಲದ ದಾನಶಾಸನಗಳಲ್ಲಿ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಯನ್ನು ಕೆರೆಯ ಕೋಡಿ, ನೆಟ್ಟ ಕಲ್ಲು, ಮರ, ಹಳ್ಳಗಳಿಂದ ಹೇಳುವುದು ರೂಢಿ. ಎಲ್ಲೆಯೆಂಬುದು ಅಂದು ನೆರೆಹೊರೆಯವರು ಕೂಡಿ ನಡೆದು ತೋರಿಸುವ ಗುರುತು. ದೂರದಲ್ಲಿ ಮೇಜಿನ ಮೇಲೆ ಎಳೆದ ಗೆರೆಯು ಊರಿನ ಮೇಲೆ ಬಂದು ಬೀಳುವ ಕಾಲವು ಆಮೇಲೆ ಬಂದಿತು.

ಅಂಥ ಗೆರೆಯು ಬಿದ್ದುದು ನಮ್ಮ ನೆರೆಯಲ್ಲಿಯೇ. ೧೭೯೨ರ ಶ್ರೀರಂಗಪಟ್ಟಣದ ಕೌಲಿನಲ್ಲಿ ಟಿಪ್ಪು ಸುಲ್ತಾನನು ತನ್ನ ರಾಜ್ಯದ ಸುಮಾರು ಅರ್ಧವನ್ನು ಬಿಟ್ಟುಕೊಟ್ಟನು. ೩ ಕೋಟಿ ೩೦ ಲಕ್ಷ ರೂಪಾಯಿಗಳ ದಂಡವನ್ನೂ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಮರುವರ್ಷವೇ, ಹಿಂದೆ ಬಂಗಾಳದ ಸರ್ವೇಯರ್ ಜನರಲ್ ಆಗಿದ್ದ ಜೇಮ್ಸ್ ರೆನೆಲನು ದಕ್ಷಿಣ ಭಾರತದ ನಕ್ಷೆಗೆ ಒಂದು ವಿವರಣ ಗ್ರಂಥವನ್ನು ಅಚ್ಚುಹಾಕಿಸಿ, ೧೭೯೨ರ ಕೌಲಿನಂತೆ ಎಲ್ಲೆಗಳನ್ನು ತೋರಿಸಿರುವುದಾಗಿ ಅದರ ಹೆಸರಿನಲ್ಲಿಯೇ ಸಾರಿದನು. ಶಾಯಿಯು ಎಷ್ಟು ಬೇಗ ಕತ್ತಿಯನ್ನು ಹಿಂಬಾಲಿಸಿತೆಂಬುದನ್ನು ಗಮನಿಸಿರಿ. ಆ ಎಲ್ಲೆಗಳು ಏಳೇ ವರ್ಷ ಬಾಳಿದುವು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದು, ಸುಲ್ತಾನನು ಮಡಿದನು. ಜೂನ್ ತಿಂಗಳಲ್ಲಿ ಕುಂಪಣಿಯವರೂ ನಿಜಾಮರೂ ರಾಜ್ಯವನ್ನು ಹಂಚಿಕೊಂಡರು. ಕೆನರಾ, ವಯನಾಡು, ಕೊಯಮತ್ತೂರು ಸೀಮೆಗಳು ಕುಂಪಣಿಗೆ ಹೋದುವು. ಈಶಾನ್ಯದ ಸೀಮೆಗಳು ನಿಜಾಮರಿಗೆ ಹೋದುವು. ಪೇಶ್ವೆಗಳಿಗೆಂದು ಕೆಲವು ಸೀಮೆಗಳನ್ನು ಷರತ್ತಿನ ಮೇಲೆ ಎತ್ತಿಟ್ಟಿದ್ದರು. ಅವರು ಒಪ್ಪದಿರಲು, ಅದನ್ನೂ ಈ ಇಬ್ಬರೇ ಹಂಚಿಕೊಂಡರು. ನಡುವೆ ಉಳಿದ ಸೀಮೆಯು ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನವಾಯಿತು.

ಹೀಗೆ ಹಂಚಿದ ನೆಲವನ್ನು ಅಳೆಯಬೇಕಾಯಿತು. ಮುತ್ತಿಗೆಯಲ್ಲಿ ಎಂಜಿನಿಯರಾಗಿದ್ದ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಗೆ ನೇಮಕಗೊಂಡು, ಸುಮಾರು ೪೦,೦೦೦ ಚದರ ಮೈಲಿಗಳನ್ನು ಅಳೆಯಿಸಿದನು. ಮುಂದೆ ೧೮೧೫ರಲ್ಲಿ ಇಡೀ ಭಾರತಕ್ಕೆ ಮೊದಲನೆಯ ಸರ್ವೇಯರ್ ಜನರಲ್ ಆದವನು ಈತನೇ. ಅದೇ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬವನು ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ಭಾರತವನ್ನೆಲ್ಲ ತ್ರಿಕೋನಗಳಿಂದ ಅಳೆದ ಮಹಾ ಮೋಜಣಿಯ ಮುನ್ನುಡಿಯಿದು. ನಮ್ಮ ನೆಲವೇ ಆಧುನಿಕ ಭೂಪಟದ ಒರೆಗಲ್ಲಾಯಿತೆಂದರೆ ಸಲ್ಲುವುದು. ಆದರೆ ಹೊರಗಿನ ಎಂಜಿನಿಯರನು ಊರೂರಿನ ಹೆಸರನ್ನು, ಸೀಮೆಯನ್ನು, ಚರಿತ್ರೆಯನ್ನು ತಾನೊಬ್ಬನೇ ತಿಳಿದುಕೊಳ್ಳಲು ಸಾಧ್ಯವಿದ್ದಿತೆ? ಮೆಕೆಂಜಿಯ ಜೊತೆಯಲ್ಲಿ ಕಾವಲಿ ಬೋರಯ್ಯ ಎಂಬ ತೆಲುಗು ಪಂಡಿತನೂ, ಮಲೆಯೂರಿನ ಧರ್ಮಯ್ಯ ಎಂಬ ಕನ್ನಡದ ಜೈನ ಪಂಡಿತನೂ ದುಡಿದರು. ನಕ್ಷೆಯ ಮೂಲೆಯಲ್ಲಿ ಸಾಹೇಬರ ಹೆಸರೊಂದೇ ಇದ್ದರೂ, ಅದರೊಳಗಿನ ಊರುಗಳೆಲ್ಲ ನಮ್ಮವರು ಬಾಯಿಂದ ಹೇಳಿದುವು. ಮಕ್ಕಳಿಗೆ ಇದನ್ನು ತಪ್ಪದೆ ಹೇಳಬೇಕು.

ಇನ್ನು ಆ ಕಾಲದ ಪಟಗಳನ್ನು ಬಿಡಿಸಿ ನೋಡೋಣ. ಇಂಗ್ಲಿಷರ ನೇರ ಆಳಿಕೆಯ ಸೀಮೆಗೆ ಕೆಂಪು ಅಥವಾ ನಸುಗೆಂಪು, ದೇಶೀಯ ಸಂಸ್ಥಾನಗಳಿಗೆ ಹಳದಿ: ಇದು ನಮ್ಮ ಶಾಲೆಗಳಿಗೆ ಬಂದ ಹಲವು ಪಟಗಳ ಬಣ್ಣದ ಕ್ರಮ. ಮೈಸೂರು ಹಳದಿ, ಸುತ್ತಲೂ ಕೆಂಪು, ಬಡಗಲಲ್ಲಿ ನಿಜಾಮರ ಹಳದಿ, ಅದರ ಪಡುವಲಲ್ಲಿ ಮುಧೋಳ, ಜಮಖಂಡಿ, ರಾಮದುರ್ಗ, ಸವಣೂರು ಮೊದಲಾದ ಸಣ್ಣ ಸಣ್ಣ ಹಳದಿಯ ಚುಕ್ಕೆಗಳು, ಕೆಂಪಿನ ನಡುವೆ ಸಂಡೂರು. ‘ಕರ್ನಾಟಕ’ವೆಂಬ ಹೆಸರನ್ನು ಹುಡುಕಿದರೆ ಆಶ್ಚರ್ಯವೊಂದು ಕಾದಿರುವುದು. ‘ಕರ್ನಾಟಿಕ್’ ಎಂಬ ಹೆಸರು ಆ ಪಟಗಳಲ್ಲಿ ಉಂಟು. ಆದರೆ ಅದು ಆರ್ಕಾಟಿನ ಸುತ್ತಿನ, ಘಟ್ಟದ ಕೆಳಗಿನ ತಮಿಳು ಬಯಲಿನ ಮೇಲೆ ಬರೆದಿರುವುದು! ವಿಜಯನಗರದ ಅರಸರ ಕರ್ನಾಟಕ ಸಾಮ್ರಾಜ್ಯವು ಅಲ್ಲಿಗೆ ಹಬ್ಬಿದಾಗ ಹೆಸರೂ ಅಲ್ಲಿಗೆ ಹೋಯಿತು. ಸಾಮ್ರಾಜ್ಯವು ಅಳಿದ ಮೇಲೆಯೂ ಹೆಸರು ಅಲ್ಲಿಯೇ ನಿಂತಿತು. ಕನ್ನಡವಿದ್ದ ಕಡೆ ಹೆಸರಿಲ್ಲ, ಹೆಸರಿದ್ದ ಕಡೆ ಕನ್ನಡವಿಲ್ಲ ಎಂಬ ಸ್ಥಿತಿಯು ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

ನಮ್ಮ ಊರುಗಳನ್ನೇ ನೋಡಿರಿ. ಹಳೆಯ ಪಟದಲ್ಲಿ ಕೃಷ್ಣರಾಜಪೇಟೆ ದೊರೆಯದು. ಆ ಠಾವಿನಲ್ಲಿ ಅತ್ತಿಕುಪ್ಪೆಯೆಂದಿರುವುದು. ಪಾಂಡವಪುರವೂ ದೊರೆಯದು, ಅಲ್ಲಿ ‘ಫ್ರೆಂಚ್ ರಾಕ್ಸ್’ ಎಂದಿರುವುದು. ಹೈದರನ ಹಾಗೂ ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಹಿರೋಡೆಯ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಇಟ್ಟ ಹೆಸರು ಅದು. ಹಿರೋಡೆಯೆಂಬ ಹಳೆಯ ಹೆಸರು ಜನರ ನಾಲಗೆಯಲ್ಲಿ ಉಳಿದಿದ್ದರೂ ಅಚ್ಚಿನಲ್ಲಿ ಮರೆಯಾಯಿತು. ಶ್ರೀರಂಗಪಟ್ಟಣದ ದ್ವೀಪವಂತೂ ಇನ್ನೂ ವಿಚಿತ್ರ. ಹಂಚಿಕೆಯಲ್ಲಿ ಕುಂಪಣಿಯವರು ಅದನ್ನು ತಮಗೆ ಇಟ್ಟುಕೊಂಡರು. ನಾಲ್ಕು ಕಡೆ ಮೈಸೂರಿನ ಹಳದಿ, ನಡುವೆ ಕಾವೇರಿಯ ಎರಡು ಕವಲುಗಳೊಳಗೆ ಒಂದು ಕೆಂಪು ಚುಕ್ಕೆ! ೧೮೮೧ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಕ್ಕೆ ಒಪ್ಪಿಸಿದಾಗ ಬೆಂಗಳೂರಿನ ದಂಡಿನ ಪ್ರದೇಶವನ್ನು ಇಂಗ್ಲಿಷರು ತೆಗೆದುಕೊಂಡು, ದ್ವೀಪವನ್ನು ಮೈಸೂರಿಗೆ ಬಿಟ್ಟರು. ಕೆಂಪು ಚುಕ್ಕೆಯು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹಾರಿ, ೧೯೪೭ರವರೆಗೆ ಅಲ್ಲಿಯೇ ಕುಳಿತಿತು.

ನಮ್ಮ ಹಳದಿಯ ಹೊರಗೆ ಏನು ನಡೆಯಿತೆಂಬುದನ್ನು ಈಗ ನೋಡಬೇಕು. ಈ ಭಾಷಣದ ಮುಖ್ಯ ಭಾಗವು ಇದೇ. ಬಳ್ಳಾರಿಯ ಪಾಡನ್ನು ಎಣಿಸಿರಿ. ೧೭೯೨ರವರೆಗೆ ಟಿಪ್ಪುವಿನದಾಗಿದ್ದ ಸೀಮೆಯು ಕೌಲಿನಿಂದ ನಿಜಾಮರಿಗೆ ಹೋಯಿತು. ೧೮೦೦ರಲ್ಲಿ ನಿಜಾಮರು ಅದನ್ನು ಕುಂಪಣಿಗೆ ದತ್ತವಾಗಿ ಕೊಟ್ಟರು. ‘ದತ್ತ ಮಂಡಲ’ವೆಂಬ ಹೆಸರು ಬಂದುದು ಹೀಗೆ. ಎಂಟು ವರ್ಷಗಳಲ್ಲಿ ಮೂವರು ಒಡೆಯರು! ಹೊಲ ಉಳುವವನು ಕದಲಲಿಲ್ಲ, ಕೆರೆ ಕದಲಲಿಲ್ಲ. ಕಂದಾಯ ಕಟ್ಟುವ ಕಚೇರಿಯು ಮಾತ್ರ ಬದಲಾಯಿತು. ಕರಾವಳಿಯ ಕೆನರಾ ಜಿಲ್ಲೆಯು ಮದರಾಸಿಗೆ ಸೇರಿದ್ದಿತು. ಅದನ್ನು ಎರಡು ಮಾಡಿ, ೧೮೬೨ರಲ್ಲಿ ಉತ್ತರ ಭಾಗವನ್ನು ಮುಂಬಯಿಗೆ ಕೊಟ್ಟರು. ಜನರು ಕೇಳಿದರೆಂದು ಹಾಗೆ ಮಾಡಲಿಲ್ಲ. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ಇಂಗ್ಲೆಂಡಿನ ಗಿರಣಿ ವರ್ತಕರ ಒತ್ತಾಯವು ಅದರ ಹಿಂದೆ ಇದ್ದಿತು. ೧೮೧೮ರಲ್ಲಿ ಪೇಶ್ವೆಗಳು ಬಿದ್ದ ಮೇಲೆ ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಗಳು ಕುಂಪಣಿಯ ವಶವಾಗಿ ಕಡೆಗೆ ಮುಂಬಯಿ ಇಲಾಖೆಯಲ್ಲಿ ನಿಂತುವು. ೧೮೩೪ರಲ್ಲಿ ಕೊಡಗನ್ನು ಹಿಡಿದಾಗ ಪುತ್ತೂರು, ಸುಳ್ಯಗಳ ಭಾಗವನ್ನು ಅದರಿಂದ ಕತ್ತರಿಸಿ ಕೆನರಾಕ್ಕೆ ಹೊಲಿದರು. ರಾಯಚೂರಿನ ದೋಆಬು ೧೮೫೩ರಲ್ಲಿ ಇಂಗ್ಲಿಷರ ಕೈಗೆ ಬಂದು, ೧೮೬೦ರಲ್ಲಿ ಮರಳಿ ನಿಜಾಮರ ಕೈಸೇರಿತು. ೧೮೫೮ರಲ್ಲಿ ಸುರಪುರದ ನಾಯಕರ ರಾಜ್ಯವನ್ನು ಕಿತ್ತುಕೊಂಡು, ಎರಡು ವರ್ಷಗಳ ಬಳಿಕ ನಿಜಾಮರಿಗೆ ಬಳುವಳಿಯಾಗಿ ಕೊಟ್ಟರು.

ಬಣ್ಣವು ಬದಲಾದರೆ ಜನರಿಗೇನು ಕೇಡು ಎಂದು ಯಾರಾದರೂ ಕೇಳಬಹುದು. ಕೇಡು ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ತೋರಿತು. ಧಾರವಾಡದ ಕಡೆ ಕನ್ನಡದ ಮಕ್ಕಳಿಗೆ ಮರಾಠಿಯ ಶಾಲೆಗಳಿದ್ದುವು. ಅಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಲು ಡೆಪ್ಯುಟಿ ಚೆನ್ನಬಸಪ್ಪನವರಂಥವರು ಬಾಳನ್ನೇ ಸವೆಯಿಸಬೇಕಾಯಿತು. ನಿಜಾಮರ ಸೀಮೆಯಲ್ಲಿ ಆಡಳಿತವು ಉರ್ದುವಿನಲ್ಲಿ. ೧೯೧೮ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠವೂ ಉರ್ದುವಿನಲ್ಲಿ. ಮದರಾಸು ಇಲಾಖೆಯಲ್ಲಿ ತಮಿಳು ತೆಲುಗರ ನಡುವೆ ಮಂಗಳೂರು ಬಳ್ಳಾರಿಗಳ ಕನ್ನಡಿಗರು ಸಣ್ಣ ಸಂಖ್ಯೆಯವರು. ಒಬ್ಬ ರೈತನು ತನ್ನ ಹೊಲದ ದಾವೆಯ ತೀರ್ಪನ್ನು ತಾನೇ ಓದಲಾರದೆ ಇತರರ ಬಾಯಿಂದ ಕೇಳಬೇಕಾಗಿ ಬಂದರೆ, ಅವನ ಪಾಲಿಗೆ ನ್ಯಾಯವು ಅರ್ಧವೇ ದೊರೆತಂತೆ. ವಕೀಲಿಯಲ್ಲಿರುವ ನನಗೆ ಇದನ್ನು ವಿವರಿಸಬೇಕಾಗಿಲ್ಲ, ತಮಗೂ ಬೇಕಾಗಿಲ್ಲ.

ಇಷ್ಟೆಲ್ಲ ಆಗುತ್ತಿರುವಾಗ ನಾವು ಮೈಸೂರಿನವರು ಹೇಗಿದ್ದೆವು? ನಮ್ಮ ಅರಸರು ಕನ್ನಡದ ಅರಸರು. ನಮ್ಮ ಕಚೇರಿಯ ಕಾಗದ, ಶಾಲೆಯ ಪುಸ್ತಕಗಳಲ್ಲಿ ಕನ್ನಡವಿದ್ದಿತು. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರಖಾನೆ, ೧೯೧೬ರ ವಿಶ್ವವಿದ್ಯಾನಿಲಯ ಇವೆಲ್ಲ ನಮ್ಮ ಹಳದಿಯ ಒಳಗೆ ಬೆಳೆದುವು. ಇದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ಸುಖವಾಗಿರುವವನಿಗೆ ಬೇಲಿಯಾಚೆಯ ನರಳು ಬೇಗ ಕೇಳಿಸದು. ಏಕೀಕರಣದ ಮಾತು ಹಳೆಯ ಮೈಸೂರಿಗಿಂತ ಮೊದಲು ಧಾರವಾಡದ ಕಡೆ ಮೊಳಗಿದುದಕ್ಕೆ ಇದೇ ಕಾರಣ. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಎಲ್ಲ ಸೀಮೆಗಳ ಕನ್ನಡಿಗರನ್ನು ಒಂದು ಚಾವಣಿಯ ಕೆಳಗೆ ಸೇರಿಸಿತು. ೧೯೧೭ರಲ್ಲಿ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಬರೆದು, ಯಾವ ಪಟದಲ್ಲಿಯೂ ಇಲ್ಲದ ನಾಡನ್ನು ಓದುಗರ ಮನಸ್ಸಿನಲ್ಲಿ ನಿಲ್ಲಿಸಿದರು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕರ್ನಾಟಕದ ಹೊಸ ಪಟವನ್ನು ಮೊದಲು ಎಳೆದುದು ಯಾವ ಸರಕಾರವೂ ಅಲ್ಲ. ೧೯೨೦ರ ನಾಗಪುರದ ಅಧಿವೇಶನದಲ್ಲಿ ರಾಷ್ಟ್ರೀಯ ಮಹಾಸಭೆಯು ತನ್ನ ಪ್ರಾಂತಗಳನ್ನು ಭಾಷೆಗೆ ಅನುಸಾರವಾಗಿ ವಿಂಗಡಿಸಿದಾಗ ಕರ್ನಾಟಕವೂ ಒಂದು ಪ್ರಾಂತವಾಯಿತು. ಇಂಗ್ಲಿಷರ ಗೋಡೆಯ ಪಟದಲ್ಲಿ ಮುಂಬಯಿ, ಮದರಾಸು, ಹೈದರಾಬಾದು ಎಂದಿರುತ್ತಿರಲು, ಸತ್ಯಾಗ್ರಹಿಗಳ ಸಂಘಟನೆಯಲ್ಲಿ ಬೇರೊಂದು ಪಟವು ಕೆಲಸಮಾಡುತ್ತಿದ್ದಿತು. ೧೯೨೪ರಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಅಧಿವೇಶನವು ನಡೆದಾಗ, ಅಲ್ಲಿಯೇ ಏಕೀಕರಣ ಪರಿಷತ್ತೂ ಸೇರಿತು. ೧೯೨೮ರ ನೆಹರೂ ವರದಿಯು ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತವಾಗುವ ಹಕ್ಕುಂಟೆಂದು ಒಪ್ಪಿತು. ಜನರು ಒಪ್ಪಿದ ಎಲ್ಲೆಯನ್ನು ಸರಕಾರವು ಮೂವತ್ತಾರು ವರ್ಷಗಳ ಬಳಿಕ ಕಾಗದಕ್ಕೆ ಇಳಿಸಿತು.

ಆ ಮೂವತ್ತಾರು ವರ್ಷಗಳ ಕೊನೆಯ ಭಾಗವನ್ನು ಬೇಗ ಹೇಳಿಬಿಡುವೆನು. ೧೯೪೮ರಲ್ಲಿ ಮುಧೋಳ, ಜಮಖಂಡಿ ಮೊದಲಾದ ಸಣ್ಣ ಸಂಸ್ಥಾನಗಳು ಮುಂಬಯಿಯಲ್ಲಿ ಕರಗಿದುವು. ಅದೇ ವರ್ಷ ಹೈದರಾಬಾದು ಭಾರತಕ್ಕೆ ಸೇರಿತು. ಮರುವರ್ಷ ಸಂಡೂರು ಬಳ್ಳಾರಿಗೆ ಸೇರಿತು. ೧೯೫೩ರಲ್ಲಿ ಅದರಗುಂಚಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕುಳಿತರು. ಆ ವರ್ಷದ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರಿಗೆ ಬಂದುವು; ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಆ ಸಂಭ್ರಮದ ಹೊತ್ತಿನಲ್ಲಿಯೇ ಬಳ್ಳಾರಿಯ ಪಿಂಜಾರ ರಂಜಾನ್ ಸಾಬರು ಆಸಿಡ್ ದಾಳಿಗೆ ಗುರಿಯಾಗಿ ಪ್ರಾಣ ತೆತ್ತರು. ಆಮೇಲೆ ಫಜಲ್ ಅಲಿಯವರ ಆಯೋಗವು ೧೯೫೫ರಲ್ಲಿ ವರದಿಯನ್ನು ಕೊಟ್ಟಿತು. ೧೯೫೬ರ ನವೆಂಬರ್ ೧ರಂದು ಒಂಬತ್ತು ಜಿಲ್ಲೆಗಳು ಹಳೆಯ ಹತ್ತರೊಡನೆ ಕೂಡಿ ಹತ್ತೊಂಬತ್ತು ಜಿಲ್ಲೆಗಳ ರಾಜ್ಯವಾಯಿತು. ಸುಮಾರು ೨೯,೦೦೦ ಚದರ ಮೈಲಿಗಳಾಗಿದ್ದ ಮೈಸೂರು ಸಂಸ್ಥಾನದ ಜಾಗದಲ್ಲಿ ಸುಮಾರು ೭೪,೦೦೦ ಚದರ ಮೈಲಿಗಳ ನಾಡು ನಿಂತಿತು. ೧೯೭೩ರ ನವೆಂಬರ್ ೧ರಂದು ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು.

ಈ ಕೂಡಿಕೆಯನ್ನು ಹಳೆಯ ಮೈಸೂರಿನಲ್ಲಿ ಎಲ್ಲರೂ ಸಂತೋಷದಿಂದ ಸ್ವೀಕರಿಸಿದರೆಂದು ಹೇಳುವುದು ಸತ್ಯಕ್ಕೆ ಸಲ್ಲದು. ಮುಂದುವರಿದ ಮೈಸೂರು ಹಿಂದುಳಿದ ಸೀಮೆಗಳ ಭಾರವನ್ನೇಕೆ ಹೊರಬೇಕು, ನಮ್ಮ ಪ್ರಾಬಲ್ಯವು ಹೋಗುವುದಲ್ಲವೆ, ಎಂದು ವಾದಿಸಿದವರು ಹಲವರಿದ್ದರು. ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ಆ ವಾದಕ್ಕೆ ಮಣಿಯದೆ ಏಕೀಕರಣದ ಪರವಾಗಿ ನಿಂತರು. ಮಂಡ್ಯ ಸೀಮೆಯ ನಾವು ಆ ಪ್ರಶ್ನೆಗೆ ಕಾವೇರಿಯಿಂದಲೇ ಉತ್ತರವನ್ನು ಪಡೆಯಬಹುದು. ನಮ್ಮ ನಾಲೆಗಳಲ್ಲಿ ಹರಿಯುವ ನೀರು ಹುಟ್ಟುವುದು ತಲಕಾವೇರಿಯಲ್ಲಿ. ೧೯೫೬ರವರೆಗೆ ಅದು ಕೊಡಗೆಂಬ ಬೇರೆ ಆಡಳಿತದಲ್ಲಿದ್ದಿತು. ಮಳವಳ್ಳಿಯ ಅಂಚಿನಲ್ಲಿ ಹೊಳೆ ದಾಟಿದರೆ ಸಿಗುವ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯದಾಗಿದ್ದಿತು. ನಮ್ಮ ಜೀವನದಿಯ ತಲೆ ಒಬ್ಬರದು, ನಡು ನಮ್ಮದು, ಕಾಲ ಬಳಿಯ ಎದುರು ದಡ ಮತ್ತೊಬ್ಬರದು. ೧೮೯೨ರಲ್ಲಿಯೂ ೧೯೨೪ರಲ್ಲಿಯೂ ಮೈಸೂರು ಮದರಾಸುಗಳ ನಡುವೆ ಆದ ಒಪ್ಪಂದಗಳ ಬಿಸಿಯು ೨೦೧೮ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೂ ಬಂದುದನ್ನು ಇಲ್ಲಿಯ ರೈತರು ಚೆನ್ನಾಗಿ ಬಲ್ಲರು. ಪಟದ ಗೆರೆಯು ಗದ್ದೆಯ ಬದುವಿಗೂ ಮುಟ್ಟುವುದು.

ಗೆರೆಗಳನ್ನು ನೀರೂ ಬದಲಿಸುವುದುಂಟು. ೧೯೧೧ಕ್ಕೆ ಹಿಂದಿನ ಪಟದಲ್ಲಿ ಕನ್ನಂಬಾಡಿಯೆಂಬ ಹಳ್ಳಿಯನ್ನು ಕಾಣಬಹುದು. ಕಟ್ಟೆಯು ಮುಗಿದ ಮೇಲಿನ ಪಟದಲ್ಲಿ ಆ ಠಾವು ನೀಲಿಯಾಗಿರುವುದು. ಸಾವಿರಾರು ಎಕರೆಗಳಿಗೆ ನೀರು ಬಂದಿತು; ಮುಳುಗಿದ ಊರುಗಳವರು ಮನೆ ಮಠಗಳನ್ನು ಬಿಟ್ಟು ಎದ್ದರು. ಎರಡು ಪಟಗಳನ್ನು ಅಕ್ಕಪಕ್ಕದಲ್ಲಿ ಇಟ್ಟರಲ್ಲದೆ ಮಗುವಿಗೆ ಈ ಎರಡನೆಯ ಮಾತು ತಿಳಿಯದು. ಮಂಡ್ಯ ಜಿಲ್ಲೆಯೂ ಹೀಗೆಯೇ. ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಏಳು ತಾಲೂಕುಗಳನ್ನು ಬೇರ್ಪಡಿಸಿ ಮಾಡಿದುದು. ಅದಕ್ಕೆ ಹಿಂದಿನ ಪಟದಲ್ಲಿ ಮಂಡ್ಯವು ಜಿಲ್ಲೆಯಾಗಿ ಕಾಣದು.

ಇನ್ನೊಂದು ಎಚ್ಚರಿಕೆಯ ಮಾತನ್ನು ಆಡದಿದ್ದರೆ ನನ್ನ ವಾದವು ಏಕಪಕ್ಷೀಯವಾದೀತು. ೧೯೫೬ರ ಗೆರೆಯೂ ಮನುಷ್ಯರು ಎಳೆದ ಗೆರೆಯೇ. ಕಾಸರಗೋಡು ಕೇರಳಕ್ಕೆ ಹೋಯಿತು. ೧೯೬೭ರಲ್ಲಿ ವರದಿಯನ್ನು ಕೊಟ್ಟ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗವು ಮೈಸೂರಿಗೆ ಸಲ್ಲಬೇಕೆಂದಿತು. ಬೆಳಗಾವಿಯು ಮೈಸೂರಿನಲ್ಲಿಯೇ ಉಳಿಯಬೇಕೆಂದಿತು. ೨೬೪ ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕು, ೨೪೭ ಊರುಗಳನ್ನು ಅಲ್ಲಿಂದ ಪಡೆಯಬೇಕು ಎಂದೂ ಹೇಳಿತು. ಆ ಶಿಫಾರಸುಗಳು ಜಾರಿಗೆ ಬರಲಿಲ್ಲ. ೨೦೦೪ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ತಾಳವಾಡಿ, ಹೊಸೂರು, ಮಡಕಶಿರಾಗಳಲ್ಲಿ ಕನ್ನಡ ಮಾತನಾಡುವ ಮನೆಗಳು ಇಂದಿಗೂ ಉಂಟು. ತುಮಕೂರು ಜಿಲ್ಲೆಯ ಪಾವಗಡವನ್ನು ಪಟದಲ್ಲಿ ನೋಡಿರಿ: ಬಹುಪಾಲು ಆಂಧ್ರದೊಳಗೆ ಸಿಕ್ಕಿಕೊಂಡಿರುವುದು. ಮೈಸೂರಿಗೂ ಮದರಾಸಿಗೂ ನಡುವೆ ಇದ್ದ ಹಳೆಯ ಗೆರೆಯೇ ಅಲ್ಲಿ ಇಂದಿಗೂ ನಿಂತಿರುವುದು.

ಹಾಗೆಯೇ ನಮ್ಮ ಗೆರೆಯ ಒಳಗೆ ತುಳು, ಕೊಡವ, ಕೊಂಕಣಿ, ಬ್ಯಾರಿ, ಉರ್ದು, ತೆಲುಗು, ಮರಾಠಿ, ತಮಿಳುಗಳನ್ನಾಡುವ ಲಕ್ಷಾಂತರ ಜನರಿರುವರು. ಗಡಿಯ ಊರಿನಲ್ಲಿ ಒಂದೇ ಮನೆಯಲ್ಲಿ ಎರಡು ಮೂರು ಮಾತುಗಳಿರುವುವು. ಗೆರೆಯನ್ನು ಎಲ್ಲಿ ಎಳೆದರೂ ಕೆಲವರು ಆಚೆ ಉಳಿಯುವರು. ಆದಕಾರಣ ಗಡಿಯ ಪಟವನ್ನು ಹಿಡಿದು ನೆರೆಯವರ 'ಮೇಲೆ' ಮುಷ್ಟಿ ಎತ್ತುವುದು ಪಾಠಶಾಲೆಯ ಕೆಲಸವಲ್ಲ. ಮದರಾಸಿನಲ್ಲಿ, ಮುಂಬಯಿಯಲ್ಲಿ, ಹೈದರಾಬಾದಿನಲ್ಲಿ ಸಣ್ಣ ಸಂಖ್ಯೆಯವರಾಗಿ ಕನ್ನಡಿಗರು ಪಟ್ಟ ಕಷ್ಟವನ್ನು, ಕರ್ನಾಟಕದಲ್ಲಿ ಸಣ್ಣ ಸಂಖ್ಯೆಯವರಾದ ಇತರರು ಪಡದಂತೆ ನೋಡಿಕೊಂಡರೆ, ಏಕೀಕರಣಕ್ಕೆ ದುಡಿದವರ ಋಣವು ಸಂದಂತೆ. ಕಾಸರಗೋಡಿನ ಕನ್ನಡ ಶಾಲೆಗೆ ಕನ್ನಡ ಬಲ್ಲ ಉಪಾಧ್ಯಾಯರೇ ಬೇಕೆಂದು ನಾವು ಕೇಳುವಾಗ, ನಮ್ಮ ಗಡಿಯೊಳಗಿನ ಇತರ ಭಾಷೆಯ ಶಾಲೆಯ ಅಹವಾಲನ್ನೂ ಅದೇ ಕಿವಿಯಿಂದ ಕೇಳಬೇಕು. ನ್ಯಾಯವು ಎರಡು ತಕ್ಕಡಿಗಳಲ್ಲಿ ತೂಗತಕ್ಕದ್ದಲ್ಲ.

ಇನ್ನು ಮಾಡಬೇಕಾದ ಕೆಲಸ. ಉಪಾಧ್ಯಾಯ ಮಹನೀಯರಲ್ಲಿ ನನ್ನ ಬೇಡಿಕೆಗಳು ನಾಲ್ಕೇ. ಮೊದಲನೆಯದಾಗಿ, ತಮ್ಮ ಶಾಲೆಯ ಬೀರುವಿನ ಮೇಲೆ, ಉಗ್ರಾಣದ ಮೂಲೆಯಲ್ಲಿ ಬಿದ್ದಿರುವ ಹಳೆಯ ಪಟಗಳನ್ನು ಇಳಿಸಿ, ಧೂಳು ಕೊಡಹಿ, ವರ್ಷ, ಬರೆಯಿಸಿದವರು, ಅಚ್ಚಾದ ಊರು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಎರಡನೆಯದಾಗಿ, ರದ್ದಿಗೆ ಹಾಕಬೇಡಿರಿ. ಹರಿದ ಕಡೆ ಅಂಟುಪಟ್ಟಿಯನ್ನು ಹಚ್ಚಬೇಡಿರಿ, ಅದರ ಅಂಟು ಕಾಗದವನ್ನು ಕೆಡಿಸುವುದು. ಮೆರುಗೆಣ್ಣೆ ಒಣಗಿ ಸಿಡಿದಿರುವ ಪಟವನ್ನು ಬಲವಂತವಾಗಿ ಬಿಡಿಸದೆ, ಹಗುರವಾಗಿ ಸುತ್ತಿ, ಬಿಸಿಲೂ ತೇವವೂ ತಾಗದ ಎಡೆಯಲ್ಲಿ ನೆಲದಿಂದ ಮೇಲೆ ಇಡಿರಿ. ಇಡಲು ಜಾಗವಿಲ್ಲವಾದರೆ ರಾಜ್ಯ ಪತ್ರಾಗಾರದವರಿಗೆ ಬರೆದು ವಿಚಾರಿಸಿರಿ. ಮೂರನೆಯದಾಗಿ, ಇಂದಿನ ಪಟದ ಪಕ್ಕದಲ್ಲಿ ಒಂದು ಹಳೆಯ ಪಟವನ್ನೋ ಅದರ ಪ್ರತಿಯನ್ನೋ ತೂಗುಹಾಕಿರಿ. ೧೭೯೯, ೧೮೬೨, ೧೮೮೧, ೧೯೩೯, ೧೯೫೩, ೧೯೫೬ ಎಂಬ ಆರು ವರ್ಷಗಳ ಗೆರೆಗಳನ್ನು ಮಕ್ಕಳ ಕೈಯಿಂದಲೇ ಆರು ಕಾಗದಗಳಲ್ಲಿ ಬರೆಯಿಸಿರಿ. ಸೀಮೆಸುಣ್ಣದ ಖರ್ಚಿನಲ್ಲಿ ಆಗುವ ಪಾಠವಿದು. ನಾಲ್ಕನೆಯದಾಗಿ, ಊರಿನ ಹಿರಿಯರನ್ನು ಶಾಲೆಗೆ ಕರೆದು, ಪಟದಲ್ಲಿಲ್ಲದ ಕೆರೆ, ಕಟ್ಟೆ, ಹಾಳೂರುಗಳ ಹೆಸರುಗಳನ್ನು ಹೇಳಿಸಿ ಬರೆದುಕೊಳ್ಳಿರಿ. ಮೆಕೆಂಜಿಗೆ ನಮ್ಮವರು ಹೇಳಿದರು. ನಮ್ಮ ಮಕ್ಕಳಿಗೆ ಹೇಳಬಾರದೆ?

ಊರು ಅದೇ, ಹೊಳೆ ಅದೇ, ಜನರ ಮಾತು ಅದೇ ಇದ್ದು, ಬಣ್ಣವು ಮಾತ್ರ ಆರು ಬಾರಿ ಬದಲಾದುದನ್ನು ತನ್ನ ಕೈಯಿಂದ ಬರೆದ ಮಗುವು, ಗೆರೆಯನ್ನು ದೇವರು ಎಳೆದನೆಂದು ತಿಳಿಯದು. ಗೆರೆಯನ್ನು ನ್ಯಾಯವಾಗಿ ಎಳೆಯಿಸಲು ಎಷ್ಟು ಜನ ಎಷ್ಟು ಕಾಲ ದುಡಿದರೆಂಬುದನ್ನೂ ಮರೆಯದು. ಬಳ್ಳಾರಿಯವರ, ಧಾರವಾಡದವರ, ಕಲಬುರಗಿಯವರ ಕಷ್ಟವನ್ನು ನಾವು ಪಡಲಿಲ್ಲ. ಕಡೆಗೆ ಅದನ್ನು ಓದಿಯಾದರೂ ತಿಳಿಯೋಣ, ನಮ್ಮ ಮಕ್ಕಳಿಗೂ ಓದಿಸೋಣ. ಮುಂದಿನ ಸಭೆಗೆ ಬರುವಾಗ ತಮ್ಮ ತಮ್ಮ ಶಾಲೆಗಳಲ್ಲಿರುವ ಪಟಗಳ ಪಟ್ಟಿಯನ್ನು ತರಬೇಕೆಂದು ಪ್ರಾರ್ಥಿಸುವೆನು.